ಕಲ್ಲಿಗಿಂತ ದಾರಿ ದುಬಾರಿ

ಇಡೀ ದೇಶಕ್ಕೆ ಒಂದು ಸಿಮೆಂಟ್ ಕಂಪನಿ ಬೇಕೆಂದು ಮೊದಲು ಉದ್ಯಮಿಗಳು ಹೊರಟರು, ಆಮೇಲೆ ಸರ್ಕಾರ ಹೊರಟಿತು, ಈಗ ದೊಡ್ಡ ಬಂಡವಾಳ ಹೊರಟಿದೆ. ಪೋರಬಂದರಿನಿಂದ ವಾಡಿ, ಕುರಕುಂಟೆಯವರೆಗಿನ ಈ ನೂರು ವರ್ಷದ ಕಥೆಯಲ್ಲಿ ಕೊನೆಯ ಮಾತು ಸಾಗಣೆ ವೆಚ್ಚದ್ದೇ.

ಸೂರತ್ತಿನ ಸೀರೆಯನ್ನು ಶಿವಮೊಗ್ಗಕ್ಕೆ ತಂದು ಮಾರಿದರೆ ಅದರ ಬೆಲೆಯಲ್ಲಿ ಲಾರಿ ಬಾಡಿಗೆಯ ಪಾಲು ಕಣ್ಣಿಗೆ ಬೀಳುವುದಿಲ್ಲ. ಸಿಮೆಂಟಿನ ವ್ಯವಹಾರವೇ ಬೇರೆ. ತೂಕ ಹೆಚ್ಚು, ತೂಕಕ್ಕೆ ಹೋಲಿಸಿದರೆ ಬೆಲೆ ಕಡಿಮೆ. 50 ಕಿಲೋದ ಚೀಲ ಕಾರ್ಖಾನೆಯ ಗೇಟು ದಾಟಿ ಕೆಲವು ನೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಮಾಲೀಕನ ಲಾಭವನ್ನು ದಾರಿಯೇ ತಿಂದುಹಾಕಿರುತ್ತದೆ.

ಹಾಗಾದರೆ ಕಾರ್ಖಾನೆಯನ್ನೇ ಊರಿನ ಪಕ್ಕ ಕಟ್ಟಿದರಾಯಿತಲ್ಲ ಎಂದರೆ ಅದಕ್ಕೂ ಕಲ್ಲು ಒಪ್ಪುವುದಿಲ್ಲ. ಸುಣ್ಣದ ಕಲ್ಲನ್ನು ಅರೆದು, ಜೇಡಿಮಣ್ಣಿನಂಥ ಪದಾರ್ಥ ಬೆರೆಸಿ, ತಿರುಗುವ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಗೋಲಿಯಂಥ ಕಪ್ಪು ಉಂಡೆಗಳು ಉದುರುತ್ತವೆ. ಅದೇ ಕ್ಲಿಂಕರ್. ಅದಕ್ಕೆ ತುಸು ಜಿಪ್ಸಂ ಸೇರಿಸಿ ನುಣ್ಣಗೆ ಬೀಸಿದರೆ ಸಿಮೆಂಟು. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಕಲ್ಲಿನ ತೂಕದ ಮೂರನೇ ಒಂದರಷ್ಟು ಗೂಡಿನಲ್ಲೇ ಗಾಳಿಯಾಗಿ ಹೋಗುವಾಗ ಅಷ್ಟು ಕಲ್ಲನ್ನು ದೂರಕ್ಕೆ ಹೊರುವುದು ದಡ್ಡತನ. ಆದ್ದರಿಂದ ಕಾರ್ಖಾನೆಗಳು ಕಲ್ಲು ಇದ್ದಲ್ಲಿಗೆ ಹೋದವು: ಕಟನಿ, ಕೈಮೂರ್, ಲಾಖೇರಿ, ಶಹಾಬಾದ್. ಮನೆ ಕಟ್ಟುವ ಜನ ಮಾತ್ರ ಮುಂಬೈ, ಕಲ್ಕತ್ತ, ಮದ್ರಾಸು, ಬೆಂಗಳೂರುಗಳಲ್ಲಿ ಇದ್ದರು.

ಹುಟ್ಟುಗುಣದಿಂದ ಸಿಮೆಂಟು ಸ್ಥಳೀಯ ಸರಕು. ಅದನ್ನು ರಾಷ್ಟ್ರೀಯವಾಗಿಸಲು ಹೊರಟವರೆಲ್ಲರೂ ಉತ್ತರ ಹುಡುಕಿದ್ದು ಒಂದೇ ಪ್ರಶ್ನೆಗೆ: ದಾರಿಯ ದುಡ್ಡು ಯಾರ ತಲೆಗೆ?

ಪೀಪಾಯಿಯಲ್ಲಿ ಬಂದ ಪುಡಿ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಸಿಮೆಂಟು ಬರುತ್ತಿದ್ದದ್ದು ಹಡಗಿನಲ್ಲಿ, ಮರದ ಪೀಪಾಯಿಗಳಲ್ಲಿ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದಾಗ ಮೈಸೂರು ಸಂಸ್ಥಾನ ಆ ದುಬಾರಿ ಪುಡಿಯ ಗೊಡವೆಗೆ ಹೋಗದೆ, ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನೇ ನೆಚ್ಚಿತು. ಅಣೆಕಟ್ಟೆ ಇಂದಿಗೂ ನಿಂತಿದೆ.

ದೇಶದೊಳಗೆ ಸಿಮೆಂಟು ತಯಾರಿಸುವ ಮೊದಲ ಯತ್ನ 1904ರಲ್ಲಿ ಮದ್ರಾಸಿನಲ್ಲಿ ನಡೆಯಿತು. ಕಡಲ ಚಿಪ್ಪುಗಳನ್ನು ಸುಟ್ಟು ಮಾಡುವ ಆ ಸಾಹಸ ಕೈಗೂಡಲಿಲ್ಲ. ನಿಜವಾದ ಆರಂಭ ಪೋರಬಂದರಿನದು. 1912ರಲ್ಲಿ ಹುಟ್ಟಿದ ಇಂಡಿಯನ್ ಸಿಮೆಂಟ್ ಕಂಪನಿಯ ಗೂಡು 1914ರಲ್ಲಿ ಹೊತ್ತಿತು. ಆ ವರ್ಷದ ಉತ್ಪಾದನೆ ಸುಮಾರು ಒಂದು ಸಾವಿರ ಟನ್. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಹಡಗುಗಳು ಬೇರೆ ಕೆಲಸಕ್ಕೆ ಹೋದವು. ಪರದೇಶದ ಪೀಪಾಯಿ ನಿಂತಿತು. ಕಟನಿ ಮತ್ತು ಬೂಂದಿ ಸಂಸ್ಥಾನದ ಲಾಖೇರಿಯಲ್ಲಿ ತಲೆಯೆತ್ತಿದ ಕಾರ್ಖಾನೆಗಳು ಸೇರಿ, ಇದ್ದ ಕೆಲವೇ ಗೂಡುಗಳು ಸುಟ್ಟಿದ್ದೆಲ್ಲವನ್ನೂ ಸರ್ಕಾರವೇ ಕೊಂಡುಕೊಂಡಿತು.

ಯುದ್ಧದ ಲಾಭ ಕಂಡ ಬಂಡವಾಳ ಸುಮ್ಮನಿರುತ್ತದೆಯೇ? 1920ರ ದಶಕದ ಮೊದಲ ಭಾಗದಲ್ಲಿ ಒಂದರ ಹಿಂದೊಂದು ಕಾರ್ಖಾನೆ ಬಂತು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಮುಂಬೈ–ಮದ್ರಾಸು ರೈಲು ಮಾರ್ಗದ ಮೇಲಿದ್ದ ಶಹಾಬಾದಿನಲ್ಲಿ ಟಾಟಾಗಳು ಕಾರ್ಖಾನೆ ಹೂಡಿದ್ದು ಆಗಲೇ. ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಹೆಸರಾಗಿದ್ದ ಊರು ಕಲ್ಲನ್ನು ಪುಡಿ ಮಾಡಿ ಮಾರುವುದನ್ನೂ ಕಲಿಯಿತು. 1924ರ ಹೊತ್ತಿಗೆ ದೇಶದ ಉತ್ಪಾದನೆ ಎರಡೂವರೆ ಲಕ್ಷ ಟನ್ ದಾಟಿತ್ತು. ಗೂಡುಗಳ ಸಾಮರ್ಥ್ಯ ಅದರ ಸುಮಾರು ಎರಡು ಪಟ್ಟಿತ್ತು, ಕೊಳ್ಳುವವರು ಮಾತ್ರ ಅಷ್ಟಿರಲಿಲ್ಲ.

ಕಂಪನಿಗಳು ಒಂದರ ಮೇಲೊಂದು ಬಿದ್ದು ದರ ಇಳಿಸಿದವು, ತಯಾರಿಕೆಯ ಖರ್ಚಿಗಿಂತ ಕೆಳಗೆ ಮಾರಿದವು, ಕೆಲವು ಮುಳುಗಿಯೂ ಹೋದವು. ಉಳಿದವರು ರಕ್ಷಣೆ ಕೇಳಿ ಸರ್ಕಾರದ ಬಾಗಿಲಿಗೆ ಹೋದರು. ವಿಚಾರಣೆ ನಡೆಸಿದ ಸುಂಕ ಮಂಡಳಿಗೆ ಕಂಡದ್ದು ಸಾಗಣೆಯ ತೊಡಕು. ಇಂಗ್ಲೆಂಡಿನ ಸಿಮೆಂಟು ನೀರಿನ ಮೇಲೆ ಅಗ್ಗವಾಗಿ ತೇಲಿಬಂದು ನೇರ ಕಲ್ಕತ್ತದ ಬಂದರಿಗೆ ಇಳಿಯುತ್ತಿತ್ತು. ಭಾರತದ್ದೇ ಸಿಮೆಂಟು ಒಳನಾಡಿನಿಂದ ರೈಲಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ದುಬಾರಿಯಾಗುತ್ತಿತ್ತು. ಸಾಲದ್ದಕ್ಕೆ ಗೂಡು ಉರಿಸುವ ಕಲ್ಲಿದ್ದಲೂ ದೂರದಿಂದ ಬರಬೇಕು. ಬಂದರು ನಗರಗಳಿಗೆ ಕಳಿಸುವ ದೇಶೀ ಸಿಮೆಂಟಿಗೆ ಸಹಾಯಧನ ಕೊಡಿ ಎಂದು ಮಂಡಳಿ ಹೇಳಿತು. ಸರ್ಕಾರ ಒಪ್ಪಲಿಲ್ಲ.

ಹತ್ತು ಕಂಪನಿ, ಒಂದು ಹೆಸರು

ಸರ್ಕಾರ ಕೈಬಿಟ್ಟ ಮೇಲೆ ಜಗಳವಾಡುತ್ತಿದ್ದವರು ತಾವೇ ಕೂತು ಮಾತಾಡಬೇಕಾಯಿತು. ಮೊದಲು ದರದ ಬಗ್ಗೆ ಒಪ್ಪಂದಕ್ಕಾಗಿ ತಯಾರಕರ ಸಂಘ ಕಟ್ಟಿಕೊಂಡರು. 1927ರಲ್ಲಿ ಕಾಂಕ್ರೀಟ್ ಅಸೋಸಿಯೇಷನ್ ಆಫ್ ಇಂಡಿಯಾ ಬಂತು. ಗಾರೆ ಕೆಲಸದಲ್ಲಿ ಪಳಗಿದ ಮೇಸ್ತ್ರಿಗಳಿಗೂ ಎಂಜಿನಿಯರುಗಳಿಗೂ ಕಾಂಕ್ರೀಟಿನ ಪಾಠ ಹೇಳುವುದು ಅದರ ಕೆಲಸ. ಮಾರುಕಟ್ಟೆ ಇಲ್ಲದಿದ್ದರೆ ಮಾರುಕಟ್ಟೆಯನ್ನೇ ತಯಾರಿಸುವ ಜಾಣತನ ಅದರಲ್ಲಿತ್ತು. ಅದೇ ವರ್ಷ ಶುರುವಾದ ‘ಇಂಡಿಯನ್ ಕಾಂಕ್ರೀಟ್ ಜರ್ನಲ್’ ಎಂಜಿನಿಯರುಗಳಿಗೆ ಚಿರಪರಿಚಿತ ಪತ್ರಿಕೆಯಾಯಿತು. 1930ರಲ್ಲಿ ಸಿಮೆಂಟ್ ಮಾರ್ಕೆಟಿಂಗ್ ಕಂಪನಿ ಹುಟ್ಟಿ, ಯಾವ ಕಾರ್ಖಾನೆ ಎಷ್ಟು ಮಾರಬೇಕೆಂಬ ಪಾಲು ಗೊತ್ತಾಯಿತು.

ಇಷ್ಟಾದರೂ ಒಂದು ಹುಚ್ಚಾಟ ಉಳಿದಿತ್ತು. ಪ್ರತಿ ಕಂಪನಿಯೂ ತನ್ನ ಪಾಲನ್ನು ಮಾರಲೇಬೇಕಾದ್ದರಿಂದ ಉತ್ತರದ ಚೀಲ ದಕ್ಷಿಣಕ್ಕೂ ದಕ್ಷಿಣದ ಚೀಲ ಉತ್ತರಕ್ಕೂ ಹೋಗುವಾಗ ದಾರಿಯಲ್ಲಿ ಎದುರುಬದುರಾಗುತ್ತಿದ್ದವು. ಎರಡಕ್ಕೂ ರೈಲು ಬಾಡಿಗೆ ದಂಡ. ಇದನ್ನು ನಿಲ್ಲಿಸಬೇಕಾದರೆ ಎಲ್ಲ ಕಾರ್ಖಾನೆಗಳ ಲಾಭನಷ್ಟ ಒಂದೇ ಪುಸ್ತಕಕ್ಕೆ ಬರಬೇಕಿತ್ತು.

ಆ ಪುಸ್ತಕ ತೆರೆಸಿದವರು ಮುಂಬೈನ ಪಾರ್ಸಿ ವಕೀಲ, ಹಣಕಾಸು ಚತುರ ಎಫ್.ಇ. ದಿನ್‌ಶಾ. ಟಾಟಾ, ಖಟಾವ್, ಕಿಲಿಕ್ ನಿಕ್ಸನ್ ಮತ್ತು ತಮ್ಮದೇ ಬಣ ಸೇರಿ ನಾಲ್ಕು ಬಣಗಳ ಹತ್ತು ಕಂಪನಿಗಳನ್ನು ಒಂದು ಮಾಡಲು ಅವರು ವರ್ಷಗಟ್ಟಲೆ ಹೆಣಗಿದರು. ಯಾರ ಕಾರ್ಖಾನೆಗೆ ಎಷ್ಟು ಬೆಲೆ, ಯಾರಿಗೆ ಎಷ್ಟು ಷೇರು ಎಂಬ ಲೆಕ್ಕದಲ್ಲಿ ಯಾರಿಗೂ ಪೂರ್ತಿ ಸಮಾಧಾನವಾಗುವುದಿಲ್ಲ. ಅಂಥ ಮಾತುಕತೆಯನ್ನು ಮುರಿಯದಂತೆ ಎಳೆದುಕೊಂಡು ಹೋದ ದಿನ್‌ಶಾ ಫಲ ಕಾಣಲಿಲ್ಲ. 1936ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟ್ 1ರಂದು ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ ಹುಟ್ಟಿತು. ಸರ್ ನೌರೋಜಿ ಸಕ್ಲಾತ್‌ವಾಲಾ ಮೊದಲ ಅಧ್ಯಕ್ಷರಾದರು. ಬೇರೆ ಬೇರೆ ಮನೆತನಗಳ ಕಂಪನಿಗಳು ಒಪ್ಪಂದದಿಂದ ಒಂದಾದ ಇಷ್ಟು ದೊಡ್ಡ ವಿಲೀನವನ್ನು ಭಾರತದ ಉದ್ಯಮ ಅದುವರೆಗೆ ಕಂಡಿರಲಿಲ್ಲ. ಎಸಿಸಿ ಎಂಬ ಮೂರಕ್ಷರ ಮುಂದೆ ಎಷ್ಟೋ ಊರುಗಳಲ್ಲಿ ಸಿಮೆಂಟಿಗೇ ಇನ್ನೊಂದು ಹೆಸರಾಯಿತು.

ಈಗ ಮುಂಬೈನ ಕಚೇರಿಯಲ್ಲಿ ಕೂತವನು ನಕ್ಷೆ ನೋಡಿ ಆದೇಶ ಕೊಡಬಹುದಿತ್ತು. ಆ ಊರಿಗೆ ಹತ್ತಿರದ ಗೂಡು ಯಾವುದೋ ಅಲ್ಲಿಂದಲೇ ಮಾಲು ಹೋಗಲಿ, ಉಳಿದವರು ಸುಮ್ಮನಿರಲಿ. ಉಳಿದ ಬಾಡಿಗೆ ಎಲ್ಲರ ಲಾಭ. ಮೊದಲ ರಾಷ್ಟ್ರೀಯ ಸಿಮೆಂಟ್ ಕಂಪನಿಯ ಹಿಂದಿದ್ದ ಸೂತ್ರ ಇಷ್ಟೇ.

ಏಕಚಕ್ರಾಧಿಪತ್ಯ ಮಾತ್ರ ಹೆಚ್ಚು ದಿನ ನಡೆಯಲಿಲ್ಲ. ರಾಮಕೃಷ್ಣ ದಾಲ್ಮಿಯಾ ಕಣಕ್ಕಿಳಿದು ಪಂಜಾಬಿನಿಂದ ತಿರುಚಿನಾಪಳ್ಳಿಯವರೆಗೆ ತಮ್ಮ ಕಾರ್ಖಾನೆಗಳನ್ನು ಕಟ್ಟಿದರು. ದರ ಮತ್ತೆ ಕುಸಿಯಿತು. ಕೊನೆಗೆ ಎರಡು ಬಣವೂ ರಾಜಿಯಾಗಿ ಮಾರಾಟವನ್ನು ಒಂದೇ ಕೈಗೆ ಒಪ್ಪಿಸಿದವು. ಇತ್ತ ಮೈಸೂರು ಸಂಸ್ಥಾನ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಜತೆಗೇ ತನ್ನದೊಂದು ಸಿಮೆಂಟ್ ಘಟಕ ನಡೆಸಿತು. ದೂರದ ಕಂಪನಿಯ ನಕ್ಷೆಯಲ್ಲಿ ಒಂದು ಚುಕ್ಕೆಯಾಗುವುದಕ್ಕಿಂತ ಮನೆಯ ಹತ್ತಿರ ಗೂಡು ಇಟ್ಟುಕೊಳ್ಳುವುದು ಲೇಸೆಂಬ ವಿವೇಕ ಸಂಸ್ಥಾನಕ್ಕಿತ್ತು.

ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ಒಂದೇ ದರ

ದೇಶ ವಿಭಜನೆಯಾದಾಗ ಐದು ಕಾರ್ಖಾನೆಗಳು ಪಾಕಿಸ್ತಾನದ ಪಾಲಾದವು. ಭಾರತದ ಕೈಯಲ್ಲಿ ಉಳಿದ ಉತ್ಪಾದನೆ ವರ್ಷಕ್ಕೆ ಸುಮಾರು 15 ಲಕ್ಷ ಟನ್. ಅಣೆಕಟ್ಟು, ಸೇತುವೆ, ನಿರಾಶ್ರಿತರ ಮನೆ, ಉಕ್ಕಿನ ಕಾರ್ಖಾನೆ ಎಲ್ಲಕ್ಕೂ ಅದೇ ಸಿಮೆಂಟು ಸಾಲಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದ ನಿಯಂತ್ರಣ ಸ್ವಾತಂತ್ರ್ಯದ ನಂತರವೂ ಉಳಿಯಿತು. 1956ರ ಜುಲೈಯಲ್ಲಿ ಆಗಷ್ಟೇ ಹುಟ್ಟಿದ್ದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಸಿಮೆಂಟ್ ವಿತರಣೆಯನ್ನು ಕೈಗೆತ್ತಿಕೊಂಡಿತು.

ಸರ್ಕಾರ ಹೂಡಿದ ವ್ಯವಸ್ಥೆ ಹೀಗಿತ್ತು. ಕಾರ್ಖಾನೆಗೆ ಎಷ್ಟು ಸಿಗಬೇಕೆಂಬುದನ್ನು ಸರ್ಕಾರ ಗೊತ್ತುಮಾಡುತ್ತದೆ. ಗ್ರಾಹಕನ ಊರಿನ ರೈಲು ನಿಲ್ದಾಣಕ್ಕೆ ಮುಟ್ಟಿದ ಸಿಮೆಂಟಿನ ದರ ದೇಶಕ್ಕೆಲ್ಲ ಒಂದೇ. ನಡುವಿನ ಬಾಡಿಗೆಯನ್ನು ಎಲ್ಲರಿಂದ ಕೂಡಿಸಿದ ಒಂದು ನಿಧಿಯಿಂದ ಭರಿಸಲಾಗುತ್ತದೆ. ಗೂಡಿನ ಪಕ್ಕದ ಶಹಾಬಾದಿನವನೂ ನೂರಾರು ಮೈಲಿ ದೂರದ ಕಾಶ್ಮೀರದವನೂ ಅದೇ ದರ ಕೊಡಬೇಕು. ದಾರಿಯ ದುಡ್ಡು ಇಡೀ ದೇಶದ ತಲೆಗೆ ಸಮನಾಗಿ ಹಂಚಿಹೋಯಿತು.

ನ್ಯಾಯದ ದೃಷ್ಟಿಯಿಂದ ನೋಡಿದರೆ ಇದು ದೊಡ್ಡ ಮನಸ್ಸಿನ ಯೋಜನೆ. ಗುಡ್ಡಗಾಡಿನ ಜಿಲ್ಲೆಗೂ ಕಾಂಕ್ರೀಟಿನ ಶಾಲೆ ಬೇಕಲ್ಲವೇ? ಆದರೆ ಇದರಿಂದ ಎರಡು ಪರಿಣಾಮಗಳಾದವು. ದಾರಿಗೆ ಬೆಲೆಯೇ ಇಲ್ಲವಾದಾಗ ಮಾರುಕಟ್ಟೆಯ ಹತ್ತಿರ ಕಾರ್ಖಾನೆ ಕಟ್ಟುವ ಉಮೇದು ಯಾರಿಗೂ ಉಳಿಯಲಿಲ್ಲ. ಕಷ್ಟಪಟ್ಟು ಸಾಗಣೆ ಉಳಿಸಿದವನಿಗೂ ದಂಡ ತೆತ್ತವನಿಗೂ ಸಿಗುವುದು ಒಂದೇ. ಸರ್ಕಾರ ಗೊತ್ತುಮಾಡಿದ ದರದಲ್ಲಿ ಲಾಭ ತೆಳುವಾಗಿದ್ದರಿಂದ ಹೊಸ ಗೂಡಿಗೆ ಹಣ ಹಾಕುವವರೂ ಕಡಿಮೆಯಾದರು. 1966ರಲ್ಲಿ ನಿಯಂತ್ರಣ ತೆಗೆದು, 1968ರಲ್ಲಿ ಮತ್ತೆ ತಂದದ್ದರಲ್ಲೇ ಸರ್ಕಾರದ ದ್ವಂದ್ವ ಕಾಣುತ್ತದೆ.

ಎಸಿಸಿಯ ಎಂಜಿನಿಯರುಗಳು ಕೆಲವು ಒಳ್ಳೆಯ ಕೆಲಸ ಮಾಡಿದ್ದು ಈ ಬಿಗಿಯಲ್ಲೇ. 1947ರಲ್ಲಿ ಅಂದಿನ ಬಿಹಾರದ ಚಾಯಿಬಾಸಾದಲ್ಲಿ ಪೂರ್ತಿ ದೇಶೀ ಕಾರ್ಖಾನೆ ನಿಲ್ಲಿಸಿದ್ದರು. 1955ರಲ್ಲಿ ಸಿಂದ್ರಿಯ ಗೊಬ್ಬರ ಕಾರ್ಖಾನೆ ಹೊರಹಾಕುತ್ತಿದ್ದ ಸುಣ್ಣದ ಕೆಸರನ್ನೇ ಕಚ್ಚಾವಸ್ತುವಾಗಿ ಬಳಸುವ ಘಟಕ ಬಂತು. 1961ರಲ್ಲಿ ಊದುಕುಲುಮೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟು ಚಾಯಿಬಾಸಾದಿಂದ ಹೊರಬಂತು. 1965ರಲ್ಲಿ ಠಾಣೆಯಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. ಬೇರೆಯವರು ಬಿಸಾಡಿದ್ದನ್ನು ಸಿಮೆಂಟಿಗೆ ಸೇರಿಸುವ ಈ ವಿದ್ಯೆ ಮುಂದೆ ಉದ್ಯಮದ ಉಸಿರಾಗಲಿತ್ತು.

ಬಯಲಿನಲ್ಲಿ ಮಾತ್ರ ಜನ ಕಂಡದ್ದು ಅಭಾವ. ಮನೆ ಕಟ್ಟುವವರು ಪರ್ಮಿಟ್ ಹಿಡಿದು ಕಚೇರಿ ಅಲೆದರು. ಕಾಳಸಂತೆಯಲ್ಲಿ ದುಪ್ಪಟ್ಟು ಕೊಟ್ಟರೂ ಗೋಣಿಚೀಲದಲ್ಲಿ ಬೂದಿ ಎಷ್ಟು, ಸಿಮೆಂಟು ಎಷ್ಟು ಎಂಬ ಖಾತರಿ ಇರಲಿಲ್ಲ. 1982ರ ಜನವರಿಯಲ್ಲಿ ಸಿಮೆಂಟ್ ಹಂಚಿಕೆಯ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ತಮ್ಮ ವಿರುದ್ಧ ತೀರ್ಪು ಕೊಟ್ಟಾಗ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟರು. ಮುಖ್ಯಮಂತ್ರಿಯ ಕುರ್ಚಿಯನ್ನೇ ಅಲುಗಿಸುವಷ್ಟು ಬೆಲೆ ಸಿಮೆಂಟ್ ಚೀಲಕ್ಕೆ ಬಂದಿತ್ತು.

ಕುರಕುಂಟೆಯ ಚಿಮಣಿ

ಖಾಸಗಿಯವರು ಹಿಂದೆ ಸರಿದಲ್ಲಿ ಸರ್ಕಾರವೇ ಗೂಡು ಹೂಡಲು ಹೊರಟಿತು. 1965ರ ಜನವರಿ 18ರಂದು ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾ ಹುಟ್ಟಿತು. ದೇಶದಲ್ಲಿ ಸುಣ್ಣದ ಕಲ್ಲು ಎಲ್ಲೆಲ್ಲಿದೆ ಎಂದು ಹುಡುಕುವುದು, ಕಾರ್ಖಾನೆ ಕಟ್ಟುವುದು ಅದಕ್ಕೆ ವಹಿಸಿದ ಕೆಲಸ.

ಮೊದಲ ಕಾರ್ಖಾನೆ 1970ರಲ್ಲಿ ರಾಯಪುರದ ಬಳಿಯ ಮಾಂಢರಿನಲ್ಲಿ ಬಂತು. ಎರಡನೆಯದು 1972ರಲ್ಲಿ ನಮ್ಮ ಸೇಡಂ ತಾಲ್ಲೂಕಿನ ಕುರಕುಂಟೆಯಲ್ಲಿ. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಸಾಮರ್ಥ್ಯದ ಈ ಕಾರ್ಖಾನೆ ತೊಗರಿಯನ್ನೇ ನಂಬಿದ್ದ ಸೀಮೆಗೆ ಸರ್ಕಾರಿ ಸಂಬಳ ತಂದಿತು. ಮುಂದೆ ಅಸ್ಸಾಮಿನ ಬೋಕಾಜಾನ್, ಹಿಮಾಚಲದ ರಾಜಬನ್, ಅಂದಿನ ಮಧ್ಯಪ್ರದೇಶದ ನಯಾಗಾಂವ್, ಅಕಲತರಾ, ಅಂದಿನ ಆಂಧ್ರದ ಎರ್ರಗುಂಟ್ಲ, ಆದಿಲಾಬಾದ್, ತಾಂಡೂರು ಹೀಗೆ ಪಟ್ಟಿ ಬೆಳೆಯಿತು. ಹರಿಯಾಣದ ಚರ್ಖಿ ದಾದ್ರಿಯಲ್ಲಿ ದಾಲ್ಮಿಯಾ ಕಾಲದ ಹಳೆಯ ಕಾರ್ಖಾನೆಯನ್ನು 1981ರಲ್ಲಿ ಸರ್ಕಾರ ವಶಪಡಿಸಿಕೊಂಡು ನಿಗಮದ ಮಡಿಲಿಗೆ ಹಾಕಿತು.

ಬೋಕಾಜಾನ್ ಇರುವುದು ಕಾರ್ಬಿ ಆಂಗ್ಲಾಂಗ್ ಗುಡ್ಡಗಳಲ್ಲಿ. ಅಲ್ಲಿ ಸುಣ್ಣದ ಕಲ್ಲು ತೂಗುತೊಟ್ಟಿಗಳಲ್ಲಿ ರೋಪ್‌ವೇ ಮೇಲೆ ಬರಬೇಕು. ರಾಜಬನ್ ಹಿಮಾಲಯದ ತಪ್ಪಲಿನ ಊರು. ಲಾಭವೊಂದನ್ನೇ ನೋಡುವವರು ಅಂಥಲ್ಲಿ ಸಣ್ಣ ಗೂಡು ಕಟ್ಟುತ್ತಿರಲಿಲ್ಲ. ದೇಶಕ್ಕೆಲ್ಲ ಒಂದೇ ದರ, ಬಾಡಿಗೆಗೆ ಸಾಮಾನ್ಯ ನಿಧಿ ಇದ್ದಷ್ಟು ಕಾಲ ದೂರದ ಕಾರ್ಖಾನೆಗೂ ಬದುಕುವ ದಾರಿಯಿತ್ತು.

1982ರ ಫೆಬ್ರವರಿಯಲ್ಲಿ ನಿಯಂತ್ರಣ ಸಡಿಲವಾಯಿತು. ಉತ್ಪಾದನೆಯ ಒಂದು ಪಾಲನ್ನು ಲೆವಿ ದರದಲ್ಲಿ ಸರ್ಕಾರಕ್ಕೆ ಕೊಟ್ಟು ಉಳಿದದ್ದನ್ನು ಮುಕ್ತವಾಗಿ ಮಾರಬಹುದಾಯಿತು. 1989ರ ಮಾರ್ಚ್ 1ರಂದು ನಿಯಂತ್ರಣ ಪೂರ್ತಿ ಹೋಯಿತು. ಅದರೊಂದಿಗೆ ಸಾಮಾನ್ಯ ನಿಧಿಯ ನೆರಳೂ ಹೋಯಿತು. ಈಗ ಪ್ರತಿ ಗೂಡೂ ತನ್ನ ದಾರಿಯ ದುಡ್ಡನ್ನು ತಾನೇ ಕೊಡಬೇಕು. 2 ಲಕ್ಷ ಟನ್ನಿನ ಹಳೆಯ ಗೂಡು 10 ಲಕ್ಷ ಟನ್ನಿನ ಹೊಸ ಗೂಡಿನ ಎದುರು ನಿಲ್ಲಬೇಕು. ದುಡಿಯುವ ಬಂಡವಾಳದ ಕೊರತೆ, ವಿದ್ಯುತ್ ಕಡಿತ, ಹಳೆಯ ಯಂತ್ರ, ದೆಹಲಿಯಿಂದ ಬರಬೇಕಾದ ಮಂಜೂರಾತಿ ಎಲ್ಲ ಕೂಡಿ ನಿಗಮ ಹಾಸಿಗೆ ಹಿಡಿಯಿತು. 1996ರಲ್ಲಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು. 1998ರಲ್ಲಿ ಎರ್ರಗುಂಟ್ಲ ಖಾಸಗಿ ಕಂಪನಿಗೆ ಮಾರಾಟವಾಯಿತು. 2006ರಲ್ಲಿ ಒಪ್ಪಿಗೆಯಾದ ಯೋಜನೆಯಂತೆ ಉಳಿದ ಹತ್ತರಲ್ಲಿ ಬೋಕಾಜಾನ್, ರಾಜಬನ್, ತಾಂಡೂರು ಮೂರನ್ನು ಉಳಿಸಿಕೊಂಡು, ಸ್ತಬ್ಧವಾಗಿದ್ದ ಏಳನ್ನು ಮುಚ್ಚುವುದೆಂದಾಯಿತು. ಆ ಏಳರಲ್ಲಿ ಕುರಕುಂಟೆಯೂ ಒಂದು.

ಕುರಕುಂಟೆಯಲ್ಲಿ ಕಲ್ಲು ಮುಗಿದಿರಲಿಲ್ಲ. ಅದೇ ಭೀಮಾ ಕಣಿವೆಯ ಸುಣ್ಣದ ಕಲ್ಲಿನ ಹಾಸಿನ ಮೇಲೆ, ಅದೇ ತಾಲ್ಲೂಕಿನಲ್ಲಿ ಖಾಸಗಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಸರ್ಕಾರಿ ಕಾರ್ಖಾನೆ ಸೋತದ್ದಕ್ಕೆ ಸೋಮಾರಿತನವೊಂದೇ ಕಾರಣವೆಂದು ಹೇಳುವವರು ಈ ಗಾತ್ರದ ಲೆಕ್ಕ ಮರೆಯುತ್ತಾರೆ. ಒಂದು ನಿಯಮಕ್ಕಾಗಿ ಹುಟ್ಟಿದ ಕಂಪನಿಗೆ, ಆ ನಿಯಮ ಬದಲಾದಾಗ ತಾನೂ ಬದಲಾಗಲು ಬೇಕಾದ ಹಣ ಸಿಗಲಿಲ್ಲ.

ವಾಡಿಯ ಗೂಡು

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಮಳಖೇಡ. ಕಾಗಿಣಾ ನದಿಯ ದಂಡೆಯ ಆ ಊರಿನ ಕೋಟೆ ನೋಡಲು ಹೋದವರಿಗೆ ಸಿಮೆಂಟ್ ಕಾರ್ಖಾನೆಯೂ ಕಾಣುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತ ಭೀಮಾ ಕಣಿವೆಯ ಸುಣ್ಣದ ಕಲ್ಲು ಪದರ ಪದರವಾಗಿ ಹಾಸಿದೆ. ಶತಮಾನಗಳ ಕಾಲ ಜನ ಅದನ್ನು ಹಲಗೆಯಂತೆ ಸೀಳಿ ಗೋಡೆ, ನೆಲ, ಮಾಳಿಗೆಗೆ ಬಳಸಿದರು. ಕಪ್ಪು ಎರೆಮಣ್ಣಿನ ಮೇಲೆ ತೊಗರಿ, ಅದರ ಕೆಳಗೆ ಕಲ್ಲು.

ಎಸಿಸಿ 1968ರಲ್ಲಿ ವಾಡಿಗೆ ಬಂದದ್ದು ಈ ಕಲ್ಲಿಗಾಗಿ, ಜತೆಗೆ ರೈಲಿಗಾಗಿ. ಮುಂಬೈ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ವಾಡಿ ಜಂಕ್ಷನ್ನಿನಲ್ಲಿ. ಮೂರು ದಿಕ್ಕಿಗೆ ವ್ಯಾಗನ್ ಹೋಗುವ ಜಾಗದಲ್ಲಿ ಕಲ್ಲೂ ಇದ್ದರೆ ಸಿಮೆಂಟಿನವನಿಗೆ ಇನ್ನೇನು ಬೇಕು?

1982ರಲ್ಲಿ, ನಿಯಂತ್ರಣ ಸಡಿಲವಾದ ಅದೇ ವರ್ಷ, ವಾಡಿಯಲ್ಲಿ ದೇಶದ ಮೊದಲ 10 ಲಕ್ಷ ಟನ್ನಿನ ಘಟಕ ಶುರುವಾಯಿತು. ಅದರ ಗಾತ್ರದಷ್ಟೇ ಮುಖ್ಯವಾದ ಬದಲಾವಣೆ ಗೂಡಿನೊಳಗೆ ನಡೆದಿತ್ತು. ಹಳೆಯ ಹಸಿ ವಿಧಾನದಲ್ಲಿ ಕಲ್ಲುಪುಡಿಗೆ ನೀರು ಬೆರೆಸಿ ಅಂಬಲಿ ಮಾಡಿ, ಆ ನೀರನ್ನು ಆರಿಸುವುದಕ್ಕೇ ಗೂಡಿನಲ್ಲಿ ಕಲ್ಲಿದ್ದಲು ಸುಡುತ್ತಿದ್ದರು. ಒಣ ವಿಧಾನದಲ್ಲಿ ಗೂಡಿನಿಂದ ಹೊರಬರುವ ಬಿಸಿಗಾಳಿಯೇ ಎತ್ತರದ ಗೋಪುರದೊಳಗೆ ಪುಡಿಯನ್ನು ಕಾಯಿಸುತ್ತದೆ. ಅದರೊಂದಿಗೆ ಪ್ರಿಕ್ಯಾಲ್ಸಿನೇಟರ್ ಸೇರಿದಾಗ ಸುಣ್ಣ ಒಡೆಯುವ ಕೆಲಸದ ದೊಡ್ಡ ಪಾಲು ಗೂಡಿಗೆ ಬೀಳುವ ಮೊದಲೇ ಮುಗಿಯುತ್ತದೆ. ಕಲ್ಲಿದ್ದಲು ಉಳಿಯಿತು, ಅಂದರೆ ಕಲ್ಲಿದ್ದಲು ತರುವ ಬಾಡಿಗೆಯೂ ಉಳಿಯಿತು. 2001ರಲ್ಲಿ ವಾಡಿಯಲ್ಲಿ 26 ಲಕ್ಷ ಟನ್ನಿನ ಇನ್ನೊಂದು ಘಟಕ ಬಂತು. 2010ರಲ್ಲಿ ದಿನಕ್ಕೆ 12,500 ಟನ್ ಕ್ಲಿಂಕರ್ ಕೊಡುವ ಗೂಡು ಹೊತ್ತಿದಾಗ ಇದು ಜಗತ್ತಿನಲ್ಲೇ ಅತಿ ದೊಡ್ಡದೆಂದು ಕಂಪನಿ ಹೆಮ್ಮೆಪಟ್ಟಿತು. ಕುರಕುಂಟೆಯ ಇಡೀ ವರ್ಷದ ಸಾಮರ್ಥ್ಯದಷ್ಟನ್ನು ಈ ಗೂಡು ಹದಿನಾರು ಹದಿನೇಳು ದಿನದಲ್ಲಿ ಸುಡಬಲ್ಲದು. ಟಾಟಾ ಕಾಲದ ಶಹಾಬಾದ್ ಕಾರ್ಖಾನೆ ಅಷ್ಟರಲ್ಲಾಗಲೇ ಎಸಿಸಿಯ ಕೈಬಿಟ್ಟು ಹೋಗಿತ್ತು.

ಸಾಗಣೆಯ ಹಳೆಯ ಒಗಟಿಗೆ ಹೊಸ ಉತ್ತರ ಸಿಕ್ಕಿದ್ದೂ ಈ ಕಾಲದಲ್ಲೇ. ಸಿಮೆಂಟನ್ನು ಪೂರ್ತಿ ಒಂದೇ ಕಡೆ ಮಾಡಬೇಕೆಂದು ಯಾರು ಹೇಳಿದರು? ಕಲ್ಲಿನ ಬಳಿ ಕ್ಲಿಂಕರ್ ಮಾಡಿ, ಅದನ್ನು ರೇಕುಗಳಲ್ಲಿ ತುಂಬಿ ಕಳಿಸಿ, ಊರಿನ ಹತ್ತಿರ ಬೀಸಿದರಾಯಿತು. ಬೀಸುವಾಗ ಅಲ್ಲಿಯೇ ಸಿಗುವ ಹಾರುಬೂದಿಯನ್ನೋ ಸ್ಲ್ಯಾಗನ್ನೋ ಬೆರೆಸಿದರೆ ಕ್ಲಿಂಕರಿನ ತೂಕವೂ ಕಡಿಮೆಯಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ತೊಂಡೇಬಾವಿಯಲ್ಲಿ ಬೆಂಗಳೂರಿನ ಮಾರುಕಟ್ಟೆ ಎದುರಿಗಿಟ್ಟುಕೊಂಡು, ಬಳ್ಳಾರಿಯ ಕುಡಿತಿನಿಯಲ್ಲಿ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಹತ್ತಿರವಾಗಿ ಎಸಿಸಿ ಬೀಸುವ ಘಟಕ ಹಾಕಿದ್ದು ಇದೇ ಲೆಕ್ಕದಲ್ಲಿ. ಭಾರತೀಯ ಮಾನಕದ ಪ್ರಕಾರ ಪಿಪಿಸಿ ಎಂಬ ಬೂದಿ ಬೆರೆತ ಸಿಮೆಂಟಿನಲ್ಲಿ ಹಾರುಬೂದಿ ಶೇ 35ರವರೆಗೆ ಇರಬಹುದು. ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗ್ ಶೇ 70ರವರೆಗೂ ಹೋಗಬಹುದು. ಪರ್ಮಿಟ್ ಕಾಲದಲ್ಲಿ ಕಳ್ಳತನದಿಂದ ಸೇರುತ್ತಿದ್ದ ಬೂದಿ ಈಗ ಪ್ರಯೋಗಾಲಯದ ಮುದ್ರೆ ಹೊತ್ತು ರಾಜಮಾರ್ಗದಲ್ಲಿ ಬರುತ್ತಿದೆ.

ಮತ್ತೆ ಕೂಡಿಕೆ

ದಿನ್‌ಶಾ ಕಟ್ಟಿದ ಮನೆಯ ಒಡೆತನ ಶತಮಾನದ ಅಂಚಿಗೆ ಬದಲಾಗತೊಡಗಿತು. ಸಿಮೆಂಟು ತಮಗೆ ಮುಖ್ಯವಲ್ಲವೆಂದು ತೀರ್ಮಾನಿಸಿದ ಟಾಟಾಗಳು 1999ರಿಂದ ತಮ್ಮ ಪಾಲನ್ನು ಗುಜರಾತ್ ಅಂಬುಜಾಕ್ಕೆ ಮಾರಿದರು. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಬಂತು. ಮರುವರ್ಷ ಕಂಪನಿಯ ಉದ್ದನೆಯ ಹೆಸರು ಹೋಗಿ ಎಸಿಸಿ ಲಿಮಿಟೆಡ್ ಆಯಿತು. 2022ರ ಸೆಪ್ಟೆಂಬರಿನಲ್ಲಿ ಅಂಬುಜಾ, ಎಸಿಸಿ ಎರಡೂ ಅದಾನಿ ಸಮೂಹದ ಕೈಗೆ ಬಂದವು; ವ್ಯವಹಾರದ ಗಾತ್ರ ಸುಮಾರು 650 ಕೋಟಿ ಡಾಲರ್. ಒಂದೂ ಹೊಸ ಗೂಡು ಕಟ್ಟದೆ ಒಂದು ಸಮೂಹ ದೇಶದ ಎರಡನೇ ಅತಿ ದೊಡ್ಡ ಸಿಮೆಂಟ್ ತಯಾರಕನಾಯಿತು. ಮೊದಲ ಸ್ಥಾನದಲ್ಲಿ ಬಿರ್ಲಾ ಸಮೂಹದ ಅಲ್ಟ್ರಾಟೆಕ್ ಇದೆ.

ಇದರ ಪರಿಣಾಮ ಕಲಬುರಗಿಯ ನಕ್ಷೆಯಲ್ಲಿ ಸ್ಪಷ್ಟವಾಗಿದೆ. ವಾಡಿಯ ಎಸಿಸಿ ಅದಾನಿಯದು. ಚಿತ್ತಾಪುರದಲ್ಲಿ ಕಾರ್ಖಾನೆಯಿರುವ ಓರಿಯಂಟ್ ಕಂಪನಿಯನ್ನೂ ಅಂಬುಜಾ ಕೊಂಡಿದೆ. ಮಳಖೇಡದ ರಾಜಶ್ರೀ ಮೊದಲಿಂದಲೂ ಬಿರ್ಲಾ ಸಮೂಹದ್ದು. ಸೇಡಂನ ವಾಸವದತ್ತಾ ಕಾರ್ಖಾನೆಯೂ ಕೇಸೋರಾಮ್ ಕೈಯಿಂದ ಅಲ್ಟ್ರಾಟೆಕ್‌ಗೆ ಬಂದಿದೆ. ಜಿಲ್ಲೆಯಲ್ಲಿ ಬೇರೆ ಕಂಪನಿಗಳು ಇನ್ನೂ ಇವೆ. ಆದರೂ ಹಳೆಯ ನಾಲ್ಕು ಬೇರೆ ಬೇರೆ ಹೆಸರು ಈಗ ಎರಡು ಮನೆಯವು.

ಕೊಳ್ಳುವವರು ಕೊಡುವ ಕಾರಣ 1936ರದ್ದೇ: ಹತ್ತಿರದ ಗೂಡಿನಿಂದ ಹತ್ತಿರದ ಊರಿಗೆ ಮಾಲು ಹೋದರೆ ಬಾಡಿಗೆ ಉಳಿಯುತ್ತದೆ. ಲೆಕ್ಕ ಸರಿ. ಉಳಿದ ಬಾಡಿಗೆಯಲ್ಲಿ ಮನೆ ಕಟ್ಟುವವನಿಗೆ ಎಷ್ಟು ಸೇರುತ್ತದೆ ಎಂಬುದು ಬೇರೆ ಪ್ರಶ್ನೆ. ಕಲ್ಲಿನ ಗಣಿ, ರೈಲು ಹಳಿ, ದೊಡ್ಡ ಬಂಡವಾಳ ಮೂರೂ ಬೇಕಾದ ಉದ್ಯಮದಲ್ಲಿ ಆಟಗಾರರು ಕಡಿಮೆ. ಕಡಿಮೆ ಜನ ಇದ್ದಲ್ಲಿ ಮಾತು ಬೇಗ ಒಂದಾಗುತ್ತದೆ. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ದರ ಹೊಂದಾಣಿಕೆಯ ಆರೋಪದಲ್ಲಿ ಎಸಿಸಿ ಸೇರಿದಂತೆ ಸಿಮೆಂಟ್ ಕಂಪನಿಗಳ ಮೇಲೆ 6,000 ಕೋಟಿ ರೂಪಾಯಿಗೂ ಮೀರಿದ ದಂಡ ಹೇರಿತು. ಕಂಪನಿಗಳು ಆರೋಪ ಅಲ್ಲಗಳೆದು ಮೇಲ್ಮನವಿ ಹೋದವು. ಆ ಆದೇಶ ಒಮ್ಮೆ ರದ್ದಾಗಿ, 2016ರಲ್ಲಿ ಮತ್ತೆ ಹೊರಬಿದ್ದು, 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಎತ್ತಿಹಿಡಿಯಲ್ಪಟ್ಟು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ನೆಲದ ಪಾಲು

ಇಂದು ಭಾರತ ವರ್ಷಕ್ಕೆ 40 ಕೋಟಿ ಟನ್ನಿಗೂ ಹೆಚ್ಚು ಸಿಮೆಂಟು ತಯಾರಿಸುತ್ತದೆ. ಚೀನಾ ಬಿಟ್ಟರೆ ನಾವೇ. ಒಂದು ಸಾವಿರ ಟನ್ನಿನಿಂದ ಇಲ್ಲಿಯವರೆಗೆ ಬಂದ ಉದ್ಯಮದ ಮುಂದೆ ಈಗ ಹೊಸ ಲೆಕ್ಕವೊಂದಿದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಗಾಳಿಯಾಗಿ ಹೋಗುವ ಪಾಲು ಇಂಗಾಲದ ಡೈಆಕ್ಸೈಡ್. ಸೂರ್ಯನ ಶಕ್ತಿಯಿಂದ ಯಂತ್ರ ತಿರುಗಿಸಿದರೂ ಕಲ್ಲಿನೊಳಗಿನ ಆ ಅನಿಲ ಹೊರಬರುವುದು ತಪ್ಪದು. ಹಾಗಾಗಿ ಕ್ಲಿಂಕರನ್ನೇ ಕಡಿಮೆ ಬಳಸುವ ದಾರಿ ಹುಡುಕುತ್ತಿದ್ದಾರೆ. ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲು ಬೆರೆಸುವ ಎಲ್‌ಸಿ3 ಎಂಬ ಸಿಮೆಂಟು ಅಂಥ ಒಂದು ಪ್ರಯತ್ನ. ಹಾರುಬೂದಿ, ಸ್ಲ್ಯಾಗುಗಳ ಪಾಲು ಹೆಚ್ಚಿಸುವ ಹಳೆಯ ಜಾಣತನಕ್ಕೂ ಹೊಸ ಬೆಲೆ ಬಂದಿದೆ.

ಹವಾಮಾನದ ಲೆಕ್ಕ ಜಗತ್ತಿನದು. ಸೇಡಂ, ಚಿತ್ತಾಪುರದವರ ಲೆಕ್ಕ ಇನ್ನೂ ಸರಳ. 2014ರಲ್ಲಿ ನಿಗದಿಯಾದ ದರದಂತೆ ಸಿಮೆಂಟಿಗೆ ಬಳಸುವ ಸುಣ್ಣದ ಕಲ್ಲಿನ ರಾಯಧನ ಟನ್ನಿಗೆ 80 ರೂಪಾಯಿ. ಬೂದಿ ಬೆರೆಸದ ಸಾದಾ ಸಿಮೆಂಟಿನ 50 ಕಿಲೋ ಚೀಲಕ್ಕೆ ಹೆಚ್ಚೆಂದರೆ 75 ಕಿಲೋ ಕಲ್ಲು ಹಿಡಿಯಿರಿ. ಚೀಲವೊಂದಕ್ಕೆ ರಾಯಧನ ಆರು ರೂಪಾಯಿ ಮೀರುವುದಿಲ್ಲ, ಬೂದಿ ಬೆರೆತರೆ ಇನ್ನೂ ಇಳಿಯುತ್ತದೆ. ಅದೇ ಚೀಲವನ್ನು ವಾಡಿಯಿಂದ ಬೆಂಗಳೂರಿಗೆ ಮುಟ್ಟಿಸಲು ತಗಲುವ ಖರ್ಚು ಇದರ ಹಲವು ಪಟ್ಟು. ಹೊಲ ಒಮ್ಮೆ ಗಣಿಯಾದರೆ ಅದರ ಮೇಲೆ ಮತ್ತೆ ತೊಗರಿ ಬೆಳೆಯುವುದಿಲ್ಲ. ರಾಯಧನ ಸೇರುವುದು ರಾಜ್ಯದ ಬೊಕ್ಕಸಕ್ಕೆ. 2015ರ ಕಾನೂನು ತಿದ್ದುಪಡಿ ತಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗಣಿಗಳವರು ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಕಟ್ಟುತ್ತಾರೆ. ಗಣಿಪೀಡಿತ ಊರಿಗಾಗಿಯೇ ಎತ್ತಿಟ್ಟ ಹಣ ಚೀಲಕ್ಕೆ ಎರಡು ರೂಪಾಯಿಯನ್ನೂ ಮುಟ್ಟುವುದಿಲ್ಲ.

ನೂರು ವರ್ಷಗಳಲ್ಲಿ ಸುಂಕ ಮಂಡಳಿ, ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್, ಸ್ಪರ್ಧಾ ಆಯೋಗ ಎಲ್ಲವೂ ಸಿಮೆಂಟಿನ ಬೆಲೆಯನ್ನು ಬಿಡಿಸಿ ನೋಡಿವೆ. ದಾರಿಗೆ ಎಷ್ಟು, ಕಲ್ಲಿದ್ದಲಿಗೆ ಎಷ್ಟು, ಕಂಪನಿಗೆ ಎಷ್ಟು ಎಂದು ಜಗಳವಾಡಿವೆ. ದೇಶದ ತುದಿಯವನಿಗೆ ದಾರಿಯ ಹೊರೆ ತಟ್ಟಬಾರದೆಂದು ಮೂರು ದಶಕಗಳಿಗೂ ಹೆಚ್ಚು ಕಾಲ ಒಂದು ನಿಧಿಯನ್ನೇ ನಡೆಸಿದ ದೇಶ ಇದು. ದೂರದವನ ಹೊರೆ ಹಂಚಿಕೊಳ್ಳಬಹುದಾದರೆ ಗಣಿಯ ಪಕ್ಕದವನದನ್ನೂ ಹಂಚಿಕೊಳ್ಳಬಹುದು. ಅದಕ್ಕೆ ಕಲಬುರಗಿಯ ಜನಪ್ರತಿನಿಧಿಗಳು ಹೊಸ ಕಾರ್ಖಾನೆಗೆ ಅರ್ಜಿ ಹಾಕುವಷ್ಟೇ ಹುರುಪಿನಿಂದ ಖನಿಜ ನಿಧಿಯ ಪಾಲಿನ ಬಗ್ಗೆ, ಅದು ಖರ್ಚಾಗುವ ಊರಿನ ಬಗ್ಗೆ ಲೆಕ್ಕ ಕೇಳಬೇಕು.